ಹಾಳೆ ಸೀಳದ ಕಾದಂಬರಿಗಳು

ಆಗ ನನಗೆ ನಲವತ್ತಾರು ವರ್ಷ. ಅದಾಗಿ ಈಗ ಮೂವತ್ತೊಂದು ವರ್ಷವಾಯಿತು. ನಲವತ್ತಾರು ಎಂದು ಹೇಗೆ ಗೊತ್ತು ಅಂದರೆ, ಆ ವರ್ಷ ರೇಷನ್ ಕಾರ್ಡು ಹೊಸದು ಮಾಡಿಸಿದ್ದೆವು. ಕಾರಕೂನ ನನ್ನ ಮುಖ ನೋಡಿ ಅಷ್ಟು ಬರೆದ. ನಾನು ಅದನ್ನೇ ಹಿಡಿದುಕೊಂಡು ಬಂದಿದ್ದೇನೆ.

ನಾವು ನಿಪ್ಪಾಣಿಯವರು. ಪುಸ್ತಕ ಮಾರುತ್ತಿದ್ದೆವು. ಅಂಗಡಿ ಇರಲಿಲ್ಲ. ಒಂದು ತಗಡಿನ ಟ್ರಂಕು, ನೆಲಕ್ಕೆ ಹಾಸಲು ಒಂದು ತಾಡಪತ್ರಿ, ಗಾಳಿಗೆ ಹಾರದಂತೆ ಮೇಲಿಡಲು ಕಲ್ಲು. ಒಂದೊಂದು ದಿನ ಒಂದೊಂದು ಊರಿನ ಸಂತೆ. ಚಿಕ್ಕೋಡಿ, ರಾಯಬಾಗ, ಹಾರೂಗೇರಿ, ಅಥಣಿ, ಕಾಗವಾಡ. ಕಾಯಿಪಲ್ಲೆಯವರ ಸಾಲು ಮುಗಿದು ಬಳೆಗಾರರ ಸಾಲು ಶುರುವಾಗುವಲ್ಲಿ ಕೂರುತ್ತಿದ್ದೆವು. ಬಳೆ ಇಡಿಸಿಕೊಳ್ಳಲು ಬಂದ ಹೆಂಗಸರು ಕಾದಂಬರಿಗೂ ಬರುತ್ತಾರೆ ಎಂದು ನಮ್ಮ ಮನೆಯವರು ಹೇಳುತ್ತಿದ್ದರು. ಬರುತ್ತಿದ್ದರು.

ಪುಸ್ತಕಗಳು ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರದಿಂದ ಚೀಲಗಟ್ಟಲೆ ಬರುತ್ತಿದ್ದವು. ಅಚ್ಚಾಗಿ ಖರ್ಚಾಗದೆ ಉಳಿದವು, ರಟ್ಟು ಮಾಸಿದವು, ಮಳೆನೀರು ತಾಗಿ ಒಣಗಿದವು. ಅದಕ್ಕೇ ಅಗ್ಗ. ಎಡಕ್ಕೆ ಮರಾಠಿ, ಬಲಕ್ಕೆ ಕನ್ನಡ. ಮೇಲಿನ ಸಾಲಿನಲ್ಲಿ ಕಾದಂಬರಿ. ಕೆಳಗಿನ ಸಾಲಿನಲ್ಲಿ ಮನುಷ್ಯ ಸುಧಾರಿಸುವ ಪುಸ್ತಕಗಳು: ಇಂಗ್ಲಿಷ್ ಮಾತಾಡುವುದು, ಅರ್ಜಿ ಬರೆಯುವುದು, ನೆನಪಿನ ಶಕ್ತಿ ಬೆಳೆಸುವುದು, ಅಂಜಿಕೆ ಬಿಡುವುದು, ಸಿಟ್ಟು ಇಳಿಸಿಕೊಳ್ಳುವುದು. ಕಬ್ಬು, ದ್ರಾಕ್ಷಿ ಇದ್ದ ಮನೆಯ ಗಂಡಸರು ಅಂಜಿಕೆ ಬಿಡುವ ಪುಸ್ತಕವನ್ನು ತಮ್ಮನಿಗೆ ಬೇಕಾಗಿದೆ ಎಂದು ಹೇಳಿ ಒಯ್ಯುತ್ತಿದ್ದರು. ಎಲ್ಲರಿಗೂ ಒಬ್ಬ ಅಂಜುಬುರುಕ ತಮ್ಮ ಇರುತ್ತಿದ್ದ. ಸಿಟ್ಟಿನ ಪುಸ್ತಕ ಒಯ್ದವನೊಬ್ಬ ಮುಂದಿನ ವಾರ ಬಂದು, ಒಳಗೆ ನಾಲ್ಕು ಹಾಳೆ ಇಲ್ಲ ಎಂದು ಟ್ರಂಕಿಗೇ ಒದ್ದ.

“ಆ ನಾಕು ಹಾಳ್ಯಾಗನ ಇತ್ತು ಕಾಣತೈತ್ರಿ ಔಷಧ,” ಅಂದರು ನಮ್ಮ ಮನೆಯವರು. ಅವನು ಇನ್ನೊಂದು ಒದ್ದು ಹೋದ.

ನಮ್ಮ ಮನೆಯವರು ಮುಲ್ಕಿ ಪರೀಕ್ಷೆ, ಅಂದರೆ ಏಳನೇ ಇಯತ್ತೆ, ಪಾಸಾದವರು. ಕನ್ನಡ, ಮರಾಠಿ ಎರಡೂ ಓದುತ್ತಿದ್ದರು. ಚೀಲ ಬಂದರೆ ಪ್ರತಿ ಕಾದಂಬರಿಯನ್ನೂ ತಾವು ಓದಿಯೇ ಸಂತೆಗೆ ಒಯ್ಯುತ್ತಿದ್ದರು. ಅಗ್ಗದ ಪುಸ್ತಕಗಳ ಅಂಚನ್ನು ಪ್ರೆಸ್ಸಿನವರು ಸರಿಯಾಗಿ ಕತ್ತರಿಸಿರುವುದಿಲ್ಲ. ಎರಡೆರಡು ಹಾಳೆ ಮಡಿಕೆಯಲ್ಲಿ ಕೂಡಿಕೊಂಡೇ ಇರುತ್ತವೆ. ಬ್ಲೇಡಿನಿಂದ ಸೀಳಿದರೆ ಮಾತ್ರ ಒಳಗಿನ ಪುಟ ಕಾಣುತ್ತದೆ. ಅವರು ಸೀಳಿಕೊಂಡು ಸೀಳಿಕೊಂಡು ಓದುತ್ತಿದ್ದರು. ಗಿರಾಕಿ ಕೇಳಿದರೆ ನಾಲ್ಕು ಮಾತಿನಲ್ಲಿ ಕತೆ ಹೇಳಿ, ಕೊನೆಗೆ ಏನಾಗುತ್ತದೆ ಎಂಬುದನ್ನು ಬಿಟ್ಟುಬಿಡುತ್ತಿದ್ದರು. ಬೇರೆ ಯಾರೂ ಹಾಗೆ ಮಾರುತ್ತಿರಲಿಲ್ಲ.

ಆಮೇಲೆ ಸಕ್ಕರೆ ಬೇನೆ ಬಂತು. ಕಾಲಿನ ಎರಡು ಬೆರಳು ತೆಗೆದರು. ಸಂತೆಗೆ ಓಡಾಡುವುದು ನಿಂತಿತು. ಟ್ರಂಕು ನಾನು ಹೊತ್ತೆ.

ನನ್ನ ಓದು ಎರಡನೇ ಇಯತ್ತೆಯವರೆಗೆ. ಅಕ್ಷರ ಬಿಡಿಬಿಡಿಯಾಗಿದ್ದರೆ ಓದುತ್ತೇನೆ. ಒತ್ತಕ್ಷರ ಬಂದರೆ ಅಲ್ಲೇ ನಿಲ್ಲುತ್ತೇನೆ. ಸುಧಾರಿಸುವ ಪುಸ್ತಕಗಳಿಗೆ ಅಷ್ಟು ಸಾಕಾಗುತ್ತಿತ್ತು. ರಟ್ಟಿನ ಮೇಲೆ ಏನಿದೆಯೋ ಒಳಗೂ ಅದೇ. ಕಾದಂಬರಿ ಹಾಗಲ್ಲ. ಮೇಲೆ ಹೂವಿನ ಹೆಸರು ಇರುತ್ತದೆ, ಒಳಗೆ ಕೊಲೆ. ಅದಕ್ಕೆ ಒಂದು ಪದ್ಧತಿ ಮಾಡಿಕೊಂಡೆವು. ಮಧ್ಯಾಹ್ನ ಉಂಡ ಮೇಲೆ ಅವರು ಹೊಸ್ತಿಲ ಹತ್ತಿರ ಪುಸ್ತಕ ಹಿಡಿದು ಕೂರುತ್ತಿದ್ದರು. ಸಂಜೆಗೆ ನನಗೆ ನಾಲ್ಕು ಮಾತು ಹೇಳುತ್ತಿದ್ದರು. ರಟ್ಟಿನ ಚಿತ್ರದ ಗುರುತಿನ ಮೇಲೆ ನಾನು ಅದನ್ನು ನೆನಪಿಟ್ಟುಕೊಂಡು ಸಂತೆಯಲ್ಲಿ ಒಪ್ಪಿಸುತ್ತಿದ್ದೆ.

“ಕಾಲು ಹೋತು,” ಎಂದು ಅವರು ಒಂದು ದಿನ ಅಂದರು. “ಓದೂದೊಂದು ಉಳದೈತಿ ನಂಗ. ಅದೂ ಇಲ್ಲಂದ್ರ ನಾ ಈ ಮನ್ಯಾಗ ಯಾಕ ಬೇಕು?”

“ಕುಂತು ತಿನ್ನಾಕ,” ಅಂದೆ ನಾನು. ಅವರು ನಕ್ಕರು. ನಾನು ನಗಿಸಲು ಹೇಳಿದ್ದಲ್ಲ.

ಆಮೇಲಾಮೇಲೆ ಅವರು ಒಂದು ಹೊಸ ರೂಢಿ ಹಚ್ಚಿಕೊಂಡರು. ಪುಸ್ತಕ ಕೈಗೆ ಕೊಟ್ಟ ಕೂಡಲೇ, “ಮ್ಯಾಲೆ ಚಿತ್ರ ಏನೈತಿ, ಹೇಳ ನೋಡೂಣು,” ಅನ್ನುವರು.

“ನಿಮ್ಮ ಕೈಯಾಗನ ಐತ್ಯಲ್ಲ, ನೋಡ್ರಿ.”

“ನಿನ್ನ ಕಣ್ಣಿಗಿ ಏನ ಕಾಣತೈತಿ ಅಂತ ಕೇಳೀನಿ. ಸಂತ್ಯಾಗ ಮಾರಾಕಿ ನೀನೋ ನಾನೋ?”

ನನ್ನ ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಕಂಡದ್ದನ್ನು ಹೇಳುತ್ತಿದ್ದೆ. ಬೆಟ್ಟ ಇದೆ, ಕುದುರೆ ಇದೆ, ಕೆಂಪು ಸೀರೆಯವಳು ಬೆನ್ನು ತಿರುಗಿಸಿ ನಿಂತಿದ್ದಾಳೆ. ಅವರು ಹೂಂಗುಟ್ಟಿ ಪುಸ್ತಕ ತೆರೆಯುತ್ತಿದ್ದರು. ಒಂದೊಂದೇ ಹಾಳೆ ತಿರುಗಿಸುತ್ತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಯಾರು ನೋಡುತ್ತ ಕೂರುತ್ತಾರೆ.

ಹಾಗೆ ಒಂದು ಪುಸ್ತಕ ಬಂತು. ರಟ್ಟಿನ ಮೇಲೆ ಹೊಳೆ, ದೋಣಿ, ದೋಣಿಯಲ್ಲಿ ಬಸುರಿ ಹೆಂಗಸು. ಹಾಗೆಂದು ಹೇಳಿದೆ. ಸಂಜೆ ಅವರು ಹೇಳಿದ ಕತೆ ಇದು. ಕೃಷ್ಣೆಯ ಆಚೆ ದಂಡೆಗೆ ಕೊಟ್ಟ ಹುಡುಗಿ. ಅವಳ ಗಂಡನಿಗೂ ಅಣ್ಣನಿಗೂ ಒಂದು ಎತ್ತಿನ ಸಲುವಾಗಿ ಮಾತು ನಿಂತಿದೆ. ಚೊಚ್ಚಲ ಹೆರಿಗೆಗೆ ಕರೆಯಲು ತವರಿನವರು ಬರುವುದಿಲ್ಲ, ಕಳಿಸಲು ಗಂಡ ಒಪ್ಪುವುದಿಲ್ಲ. ಕಡೆಗೆ ಅತ್ತೆಯೇ ಸೊಸೆಯನ್ನು ದೋಣಿಯಲ್ಲಿ ಕೂರಿಸಿಕೊಂಡು, ತಾನೇ ಹುಟ್ಟು ಹಾಕಿಕೊಂಡು, ಅವಳ ತವರಿನ ದಂಡೆಗೆ ಬಿಡಲು ಹೊರಡುತ್ತಾಳೆ. ನಡುನೀರಿನಲ್ಲಿ ಇಬ್ಬರೂ ಮಾತಿಗೆ ಕೂರುತ್ತಾರೆ.

“ಅತ್ತಿ ಇಷ್ಟು ಚೊಲೋ ಇರತಾಳೇನ್ರಿ?” ಅಂದೆ. ನಮ್ಮತ್ತೆ ಅಂಥವಳಲ್ಲ.

“ಪುಸ್ತಕದಾಗ ಇರತಾಳ,” ಅಂದರು.

“ಯಾರಾರೆ ಸಾಯತಾರೇನು?”

“ಯಾರೂ ಸಾಯೂದಿಲ್ಲ.”

ಇದನ್ನು ಕೇಳಿಕೊಳ್ಳಲೇಬೇಕಿತ್ತು. ನಮ್ಮ ಕಡೆ ಓದು ಬಂದ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಬಂದರೆ, ಹೊತ್ತು ಹೋಗಲಿ ಎಂದು ಮನೆಯವರು ಒಂದೆರಡು ಕಾದಂಬರಿ ತರಿಸಿಕೊಡುತ್ತಿದ್ದರು. ಆದರೆ ಸಾವಿನ ಕತೆ ಬಸುರಿಯ ಕೈಗೆ ಕೊಡುವುದಿಲ್ಲ. ಸಂತೆಯಲ್ಲಿ ಹೆಂಗಸರು ಬೆಲೆ ಕೇಳುವ ಮೊದಲು ಇದನ್ನು ಕೇಳುತ್ತಿದ್ದರು. ಹೆರಿಗೆಯಲ್ಲಿ ಸಾಯುವ ಕತೆಯಾದರೆ ಆ ಪುಸ್ತಕವನ್ನು ಮುಟ್ಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಗುತ್ತಿದ್ದರು.

ಕಾಗವಾಡದ ಸಂತೆಗೆ ಒಬ್ಬ ಟೀಚರು ಬರುತ್ತಿದ್ದರು. ಕನ್ನಡ ಶಾಲೆಯವರು, ತವರು ಶೇಡಬಾಳ. ನಾನು ಅಕ್ಕೋರ ಅನ್ನುತ್ತಿದ್ದೆ, ಅವರು ನನಗೆ ಮರಾಠಿಯವರಂತೆ ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಅವರಿಗೆ ದೋಣಿಯ ಕತೆ ಹೇಳಿದೆ. ಬುಟ್ಟಿ ಕೆಳಗಿಟ್ಟು ಕೇಳಿದರು.

“ಇದರಾಗ ಯಾರೂ ಸಾಯೂದಿಲ್ಲಲ್ಲ ಮಾವಶಿ? ತಂಗಿ ಬಂದಾಳ. ಎಂಟ ತಿಂಗಳು ಆಗ್ಯಾವ. ಮೊದಲ ಅಂಜಬುರಕಿ.”

“ಇಲ್ರಿ ಅಕ್ಕೋರ. ನಮ್ಮ ಮನ್ಯಾವ್ರು ಪೂರಾ ಓದ್ಯಾರ.”

ಒಯ್ದರು.

ಮುಂದಿನ ವಾರ ಸಂತೆ ಕೂಡುವ ಮೊದಲೇ ಬಂದರು. ನಾನು ಇನ್ನೂ ತಾಡಪತ್ರಿಯ ಮೂಲೆಗೆ ಕಲ್ಲು ಇಡುತ್ತಿದ್ದೆ. ಪುಸ್ತಕವನ್ನು ನನ್ನ ಮುಂದೆ ಇಟ್ಟರು. ಜೋರು ಮಾಡಲಿಲ್ಲ. ಶಾಲೆಯ ಮಕ್ಕಳ ಮುಂದೆ ಮಾತಾಡುವಂತೆ ನಿಧಾನವಾಗಿ ಮಾತಾಡಿದರು.

“ಮಾವಶಿ, ಇದನ್ನ ತಂಗಿಗಿ ಕೊಡೂಕಿಂತ ಮೊದಲ ನಾ ಓದಿದೆ. ಚೊಲೋ ಆತು. ಇಪ್ಪತ್ತ ಹಾಳಿ ಆಗೂದ್ರಾಗ ಆಕಿ ದೋಣ್ಯಾಗನ ಹಡದು ಸಾಯತಾಳ. ಮುಂದಿಂದೆಲ್ಲಾ ಕೂಸಿನ ಕಥಿ.”

“ಅತ್ತಿ?”

“ಅತ್ತಿ ಇಲ್ಲನ ಇಲ್ಲ. ಎತ್ತೂ ಇಲ್ಲ.”

ನಾನು ಕೈಯಲ್ಲಿದ್ದ ಕಲ್ಲು ಕೆಳಗಿಟ್ಟೆ.

“ನಿಮ್ಮ ಮನ್ಯಾವ್ರು ಓದ್ಯಾರ ಅಂದ್ರಿ. ಈ ಪುಸ್ತಕ ಯಾರೂ ಓದಿಲ್ಲ. ಹಾಳಿ ಕೂಡೇ ಇದ್ದುವು. ಮೊದಲನೇದ್ದರಿಂದ ಕಡೀದರ ತನಕ ನಾನ ಬ್ಲೇಡ ಹಚ್ಚಿ ಸೀಳೀನಿ.”

ಪುಸ್ತಕ ಎತ್ತಿ ನೋಡಿದೆ. ಹೊಸದಾಗಿ ಸೀಳಿದ ಅಂಚು, ಬಿಳಿಯಾಗಿ ನಾರು ಎದ್ದಿತ್ತು. ಅದು ತಿಳಿಯಲು ಓದು ಬೇಕಾಗಿರಲಿಲ್ಲ. ಸಾಲಿನಿಂದ ಇನ್ನೊಂದು ಕಾದಂಬರಿ ಎತ್ತಿದೆ, ಕೂಡಿತ್ತು. ಮತ್ತೊಂದು, ಅದೂ ಕೂಡಿತ್ತು. ಮೇಲಿನ ಸಾಲನ್ನು ತುದಿಯಿಂದ ತುದಿಗೆ ಬೆರಳಿನಿಂದ ಸವರಿಕೊಂಡು ಹೋದೆ. ಹಳೇ ಚೀಲದಲ್ಲಿ ಉಳಿದ ಮೂರು ಬಿಟ್ಟರೆ ಒಂದನ್ನೂ ಸೀಳಿರಲಿಲ್ಲ. ಹಿಂದಿನ ಎಂಟು ತಿಂಗಳಲ್ಲಿ ಚೀಲದಲ್ಲಿ ಬಂದ ಪುಸ್ತಕಗಳು ಅವು. ಬೇರೆ ಗಿರಾಕಿಗಳು ಯಾಕೆ ಬಾಯಿ ಬಿಡಲಿಲ್ಲವೋ. ಓದು ಬಾರದವಳು ಕತೆ ಅದಲುಬದಲು ಮಾಡಿದಳು, ಅಗ್ಗಕ್ಕೆ ಬಂದದ್ದು, ಹೋಗಲಿ ಎಂದಿರಬೇಕು.

ಅಕ್ಕೋರು ಹೊರಟವರು ತಿರುಗಿ ನಿಂತರು.

“ಆ ಅತ್ತಿ ಹುಟ್ಟ ಹಾಕೂದು, ಆ ಎತ್ತಿನ ಜಗಳ, ಅದು ಯಾವ ಪುಸ್ತಕದಾಗೈತಿ ಮಾವಶಿ? ತಂಗಿಗಿ ಬಾಯಿಲೆ ಹೇಳಿದ್ನಿ. ದಿನಾ ಕೇಳತಾಳ, ಮುಂದೇನಾತು ಅಂತ. ಆ ಪುಸ್ತಕ ಸಿಕ್ರ ನಂಗ ಇಡ್ರಿ.”

“ನೋಡತೀನ್ರಿ,” ಅಂದೆ.

ಆ ದಿನ ಇಡೀ ಸಂತೆಯಲ್ಲಿ ಕೂತಿದ್ದೆ. ಏನು ಮಾರಿದೆ, ಯಾರಿಗೆ ಮಾರಿದೆ, ನೆನಪಿಲ್ಲ. ಅಳು ಬಂತೇ ಎಂದು ಮಗಳು ಮುಂದೆ ಒಮ್ಮೆ ಕೇಳಿದಳು. ಬರಲಿಲ್ಲ. ಕೈ ಜೋಮು ಹಿಡಿದಾಗ ಚಿವುಟಿದರೂ ತಿಳಿಯುವುದಿಲ್ಲವಲ್ಲ, ಹಾಗಿತ್ತು.

ಹೊತ್ತು ಮುಳುಗುವ ಮೊದಲೇ ಮನೆ ಮುಟ್ಟಿದೆ. ಅವರು ಹೊಸ್ತಿಲ ಹತ್ತಿರ ಕೂತಿದ್ದರು. ತೊಡೆಯ ಮೇಲೆ ಪುಸ್ತಕ. ನನ್ನ ಹೆಜ್ಜೆ ಕೇಳಿ ಒಂದು ಹಾಳೆ ತಿರುಗಿಸಿದರು. ಟ್ರಂಕು ಇಳಿಸಿ ಅವರ ಮುಂದೆ ನಿಂತೆ. ಅವರು ಮುಖ ಎತ್ತಿದರು, ಆದರೆ ನನ್ನ ಭುಜದ ಕಡೆಗೆ ನೋಡಿದರು.

“ಕಣ್ಣ ಹೋಗಿ ಎಷ್ಟ ದಿನಾತ್ರಿ?” ಅಂದೆ.

ಅವರು ಪುಸ್ತಕ ಮುಚ್ಚಿದರು. “ಯಾರ ಹೇಳಿದ್ರು?”

“ಹಾಳಿ ಸೀಳಿಲ್ಲ.”

“ಎರಡ ಸಲ ಬ್ಲೇಡ ಹಚ್ಚಿದ್ನಿ. ಎರಡೂ ಸಲ ಬೆರಳ ಕೊಯ್ಕೊಂಡ್ನಿ. ಸಕ್ಕರಿ ಇದ್ದಾವಂಗ ಗಾಯ ಮಾಯೂದಿಲ್ಲ. ಬಿಟ್ಟ ಬಿಟ್ನಿ.”

“ನಾಳಿ ಮಿರಜಕ್ಕ ಹೋಗೂಣು. ದವಾಖಾನ್ಯಾಗ ತೋರ್ಸೂಣು.”

“ಹೋಗಿ ಬಂದೀನಿ.”

“ಯಾವಾಗ?”

“ನೀ ಅಥಣಿ ಸಂತಿಗಿ ಹೋದಾಗ. ದೀಪಾವಳಿಕಿಂತ ಮೊದಲ.”

“ಯಾರ ಕರಕೊಂಡ ಹೋದ್ರು?”

“ಬಸ್ಸಿನ್ಯಾಗ ಯಾರರೆ ಇರತಾರ. ಕೈ ಹಿಡದ ಇಳಸತಾರ. ಒಳಗ ರಕ್ತ ಇಳದೈತಿ ಅಂದ್ರು ಡಾಕ್ಟರ. ಆರ ತಿಂಗಳ ಮೊದಲ ಬರಬೇಕಿತ್ತು ಅಂದ್ರು. ಬೆಳಕ ಗೊತ್ತಾಗತೈತಿ. ನೀ ನಿಂತದ್ದೂ ಗೊತ್ತಾಗತೈತಿ. ಅಕ್ಷರ ಇಲ್ಲ.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಪುಸ್ತಕ ಕೊಡೂದ ಬಿಡತಿದ್ದಿ.”

ಅದು ಖರೆ. ನಾನು ಬಿಡುತ್ತಿದ್ದೆ.

ಅಕ್ಕೋರ ತಂಗಿಯ ವಿಷಯ ಹೇಳಿದೆ. ಎಂಟು ತಿಂಗಳ ಬಸುರಿ, ದೋಣಿಯಲ್ಲಿ ಸಾಯುವ ಕತೆ, ಅಕ್ಕೋರು ಮೊದಲು ಓದದಿದ್ದರೆ ಅದು ಅವಳ ಕೈ ಸೇರುತ್ತಿತ್ತು ಎಂದೆ.

“ಅಕ್ಕೋರು ಏನಂದ್ರು?”

“ಪುಸ್ತಕ ವಾಪಸ ಕೊಟ್ರು.”

“ಅಷ್ಟ?”

“ಅಷ್ಟ.”

ತಂಗಿ ದಿನಾ ಅತ್ತೆಯ ಕತೆ ಮುಂದೇನಾಯಿತು ಎಂದು ಕೇಳುತ್ತಾಳೆ ಎಂಬ ಆ ಇನ್ನೊಂದು ಮಾತನ್ನು ನಾನು ಹೇಳಲಿಲ್ಲ. ಆಮೇಲೂ ಅವರು ಏಳು ವರ್ಷ ಬದುಕಿದ್ದರು. ಹೇಳಲು ಏಳು ವರ್ಷ ಇತ್ತು, ಹೇಳಲಿಲ್ಲ. ಸಿಟ್ಟಿತ್ತು ಎಂದು ಈಗ ಹೇಳಬಹುದು. ಆದರೆ ಸಿಟ್ಟೂ ಇರಲಿಲ್ಲ. ಹೇಳಿದರೆ ಅವರು ಮರುದಿನವೇ, ಮ್ಯಾಲೆ ಚಿತ್ರ ಏನೈತಿ ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಮತ್ತೆ ಯಾರೋ ಒಬ್ಬಳು ಬಂದು, ಇದರಾಗ ಯಾರೂ ಸಾಯೂದಿಲ್ಲಲ್ಲ ಎಂದು ಕೇಳುತ್ತಿದ್ದಳು.

ಅಕ್ಕೋರ ತಂಗಿ ಗಂಡು ಹಡೆದಳು. ಇಬ್ಬರೂ ಚೆನ್ನಾಗಿದ್ದರು. ಪೇಡೆ ಕೊಡಲು ಬಂದಾಗ ಅಕ್ಕೋರು ಮತ್ತೆ ಆ ಪುಸ್ತಕ ಕೇಳಿದರು. ಸಿಗಲಿಲ್ಲ ಅಂದೆ.

ಅದು ಆಮೇಲಿನ ಮಾತು. ಆ ಸಂಜೆ ನಾವು ರೊಟ್ಟಿ, ಬೇಳೆ ಉಂಡೆವು. ಉಂಡ ಮೇಲೆ ಅವರು ಕೈ ಒರೆಸಿಕೊಳ್ಳುತ್ತ ಅಂದರು, “ಇನ್ನ ಮುಂದ ಸಾಯೂದು ಬದಕೂದು ನಾ ಹೇಳೂದಿಲ್ಲ. ಗೊತ್ತಿಲ್ಲ ಅಂತ ಹೇಳ ಗಿರಾಕಿಗಿ. ಬರೇ ಕಥಿ ಹೇಳತೀನಿ.”

ಮರುದಿನ ಬೆಳಿಗ್ಗೆ ಎದ್ದು ನೀರು ತುಂಬಿದೆ. ಅವರಿಗೆ ಚಹಾ ಕೊಟ್ಟೆ, ಸಕ್ಕರೆ ಇಲ್ಲದ್ದು. ಆಮೇಲೆ ಟ್ರಂಕು ತೆರೆದು ಕಾದಂಬರಿಗಳನ್ನೆಲ್ಲ ತೆಗೆದು ಗೋಣಿಚೀಲಕ್ಕೆ ಹಾಕತೊಡಗಿದೆ. ಅವರು ಗೋಡೆಗೆ ಒರಗಿ ಕೂತು ಕೇಳಿಸಿಕೊಳ್ಳುತ್ತಿದ್ದರು.

“ಎಲ್ಲಾನೂ?” ಅಂದರು.

“ಎಲ್ಲಾನೂ.”

“ಮರಾಠಿವೂ?”

“ಮರಾಠಿವೂ.”

ಚೀಲವನ್ನು ಬಸ್ ಸ್ಟ್ಯಾಂಡಿನ ಬದಿಯ ಚುರಮುರಿ ಅಂಗಡಿಗೆ ಒಯ್ದು ಸುರಿದೆ. ಅಂಗಡಿಯವನು ಒಂದು ಪುಸ್ತಕ ಎತ್ತಿ, ರಟ್ಟು ಕಿತ್ತು, ಹಾಳೆ ಎಳೆದು ನೋಡಿದ.

“ಎರಡೆರಡು ಕೂಡೇ ಅದಾವಲ್ಲ ಮಾವಶಿ. ಚೊಲೋ ಆತು ಬಿಡು, ಪೊಟ್ಟಣ ದೊಡ್ಡು ಆಗತಾವ.”

ಖಾಲಿ ಚೀಲ ಮಡಚಿಕೊಂಡು ಮನೆಗೆ ಬಂದೆ. ಇಂಗ್ಲಿಷ್ ಕಲಿಸುವವು, ಅರ್ಜಿ ಬರೆಯುವವು, ಅಂಜಿಕೆ ಬಿಡಿಸುವವು ಟ್ರಂಕಿನಲ್ಲಿ ಅರ್ಧಕ್ಕಿದ್ದವು. ಅಲುಗಾಡಿ ರಟ್ಟು ಕೆಡಬಾರದೆಂದು ಖಾಲಿ ಜಾಗಕ್ಕೆ ತಾಡಪತ್ರಿ ತುರುಕಿದೆ. ಟ್ರಂಕು ತಲೆಯ ಮೇಲಿಟ್ಟುಕೊಂಡು, ರಾಯಬಾಗದ ಬಸ್ಸು ಹತ್ತಿದೆ.