ಲಿಂಗಕ್ಕೆ ಬರೆದ ಪದ್ಯ

ನಮ್ಮಕ್ಕ ಕಸ್ತೂರಮ್ಮ ನ್ಯಾಮತಿಯಲ್ಲಿ ಹುಡುಗಿಯಾಗಿದ್ದಾಗಲೇ ಹಾರ್ಮೋನಿಯಂ ಕಲಿತವಳು. ಮದುವೆಯಾದದ್ದು ಚನ್ನಗಿರಿಯ ಜಂಗಮರ ಮನೆಗೆ. ಭಾವ ಪಂಚಾಕ್ಷರಯ್ಯ ಪ್ರವಚನಕ್ಕೆ ಹೆಸರುವಾಸಿ. ಹೊನ್ನಾಳಿಯಿರಲಿ, ಜಗಳೂರಿರಲಿ, ಅವರು ಮಾತಾಡಬೇಕು, ನಡುನಡುವೆ ಅಕ್ಕ ಹಾಡಬೇಕು. ಇಪ್ಪತ್ತೆಂಟು ವರ್ಷ ಹೀಗೇ ನಡೆಯಿತು. ಪ್ರವಚನದ ತುಂಬ ಅಕ್ಕನೇ ಇರುತ್ತಿದ್ದಳು: ಅವಳ ತಾಳ್ಮೆ, ಅವಳು ಉಪ್ಪು ಮರೆತ ಸಾರು, ಅದನ್ನು ಪ್ರಸಾದವೆಂದು ಇವರು ಉಂಡದ್ದು. ಜನ ನಗುತ್ತಿದ್ದರು, ಅಕ್ಕನೂ ನಗುತ್ತಿದ್ದಳು.

ಈ ವರ್ಷ ಭಾವನ ಪ್ರೇಮಗೀತೆಗಳ ಪುಸ್ತಕ ಅಚ್ಚಾಯಿತು. ಅದರಲ್ಲಿ ತಾಳ್ಮೆಯೂ ಇಲ್ಲ, ಸಾರೂ ಇಲ್ಲ. ಪುಟಪುಟಕ್ಕೂ ‘ನಲ್ಲೆ, ನಲ್ಲೆ’. ಓದಿ ಮುಗಿಸುವಷ್ಟರಲ್ಲಿ ಅಕ್ಕನ ಹೊಟ್ಟೆ ಉರಿದುಹೋಗಿತ್ತು.

“ಯಾರ್ರೀ ಇವಳು?”

“ಛೇ, ಅದೆಲ್ಲ ಲಿಂಗಕ್ಕೆ ಬರೆದದ್ದು ಕಣೇ,” ಎಂದರು ಭಾವ.

“ಭಕ್ತರೆಲ್ಲ ಹೆಂಡ್ರು, ಲಿಂಗಾನೇ ಗಂಡ ಅಂತ ಊರೂರಿಗೆ ಹೇಳ್ತೀರಿ. ಪದ್ಯದಾಗೆ ಲಿಂಗ ಯಾವಾಗ ಸೀರೆ ಉಟ್ಕಂತು?”

ಭಾವ ತಡವರಿಸಿದರು. “ಹಂಗಾದ್ರೆ ನೀನು ‘ನಲ್ಲ’ ಅಂತ್ಲೇ ಹಾಡು. ಅರ್ಥ ಒಂದೇ.”

ಸಿಕ್ಕಿಬಿದ್ದ ಗಂಡಸಿಗೆ ಎಲ್ಲದರ ಅರ್ಥವೂ ಒಂದೇ!

ಸಂತೇಬೆನ್ನೂರಿನಲ್ಲಿ ಪುಸ್ತಕ ಬಿಡುಗಡೆ. ಅಕ್ಕ ಹಾಡಲು ಕೂತಳು, ಪಕ್ಕದಲ್ಲಿ ನಾನು ಶ್ರುತಿಪೆಟ್ಟಿಗೆ ಹಿಡಿದಿದ್ದೆ. ‘ನಲ್ಲ’ ಎಂದೇ ಹಾಡಿದಳು. ಎಂಥ ಭಕ್ತಿ ಎಂದು ಜನ ತಲೆದೂಗಿದರು. ಎರಡನೇ ನುಡಿಯಲ್ಲಿ, ‘ನಿನ್ನ ಕಿವಿಯ ಹಿಂದಣ ಮಚ್ಚೆ ನಾನೊಬ್ಬಳೇ ಬಲ್ಲೆ’ ಎಂದಾಗ, ಹೆಂಗಸರ ನಡುವೆ ಕೂತಿದ್ದ ತ್ಯಾವಣಿಗೆಯ ಟೀಚರ್ ಪ್ರೇಮಲತಾ ಸರಕ್ಕನೆ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು. ಯಾವ ಊರಿನ ಪ್ರವಚನವನ್ನೂ ತಪ್ಪಿಸದೆ ಬರುತ್ತಿದ್ದ ಮಹಾಭಕ್ತೆ! ನಾನು ನೋಡಿದೆ. ಅಕ್ಕನೂ ನೋಡಿದಳು. ಅದೇ ಸಾಲನ್ನು ಮತ್ತೆ ಹಾಡಿದಳು, ಮತ್ತೊಮ್ಮೆ ಹಾಡಿದಳು. ಜನ ಚಪ್ಪಾಳೆ ತಟ್ಟಿದರು. ಪ್ರೇಮಲತಾ ಎದ್ದು ಹೋದಳು. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂದು ನಾನು ಭಾವನಿಗೆ ಕೇಳುವಂತೆಯೇ ಅಂದೆ.

ವಾಪಸು ಬರುವಾಗ ಕಾರಿನಲ್ಲಿ ನಾವು ಮೂವರೇ. ಭಾವ ಗಾಡಿ ಓಡಿಸುತ್ತಿದ್ದರು. ಹಿಂದಿನ ಸೀಟಿನಿಂದ ಅಕ್ಕ ಬಾಯಿಬಿಟ್ಟಳು.

“ಅವಳಿಗೆ ಪದ್ಯ, ನನಗೆ ಪ್ರವಚನ. ಹೌದ್ರೀ, ನನಗೆ ಹೊಟ್ಟೆಕಿಚ್ಚೇ, ಯಾಕೆ ಮುಚ್ಚಿಡ್ಲಿ? ಒಂದು ಮಾತು ಹೇಳ್ರಿ. ನನಗೂ ಒಂದು ಮಚ್ಚೆ ಐತೆ. ಎಲ್ಲೈತೆ?”

ಭಾವ ಗಾಡಿ ನಿಧಾನ ಮಾಡಿದರು. ತೋಳು ಅಂದರು. ಆಮೇಲೆ ಬೆನ್ನು ಅಂದರು.

ಅಕ್ಕನ ಮಚ್ಚೆ ಇರುವುದು ಗದ್ದದ ಮೇಲೆ. ಹಾಡಲು ಕೂತರೆ ಊರಿಗೆಲ್ಲ ಕಾಣುತ್ತದೆ.