ಹಳದಿ ದಾರ ಕಟ್ಟಿದ ಸೈಕಲ್ಲು

ಆ ಬೀದಿಯಲ್ಲಿ ಅವಳನ್ನು ದಾರದಕ್ಕ ಎಂದೇ ಕರೆಯುತ್ತಿದ್ದರು. ಹೊಸ ಬಟ್ಟೆ ಹೊಲಿಯುವವಳಲ್ಲ. ಉದ್ದವಾದ ಪ್ಯಾಂಟನ್ನು ಗಿಡ್ಡ ಮಾಡುವುದು, ಬಿಗಿಯಾದ ಕೋಟನ್ನು ಸಡಿಲ ಮಾಡುವುದು, ಹಳೆಯದಕ್ಕೆ ಇನ್ನಷ್ಟು ಆಯುಷ್ಯ ಕೊಡುವುದು ಅವಳ ಕಸುಬು. ಜನ ಎಂಥವರೆಂದರೆ, ನಾಳೆಯೇ ಬೇಕು ಎಂದು ಪ್ರಾಣ ತಿಂದು ಕೊಟ್ಟ ಬಟ್ಟೆಯನ್ನೇ ಮರೆತುಬಿಡುತ್ತಾರೆ. ಅದಕ್ಕೇ ಅಂಗಡಿಯಲ್ಲೊಂದು ನಿಯಮವಿತ್ತು: ವರ್ಷವಾದರೂ ಯಾರೂ ಕೇಳಿಕೊಂಡು ಬಾರದ ಬಟ್ಟೆಯ ಗುಂಡಿಗೆ ಹಳದಿ ದಾರ ಕಟ್ಟುವುದು. ದಾನದ ಸಾಮಾನು ಒಯ್ಯುವ ವ್ಯಾನಿನವಳು ಬಂದರೆ ಏನೂ ಕೇಳುವುದಿಲ್ಲ, ದಾರವಿದ್ದದ್ದನ್ನು ಎತ್ತಿಕೊಂಡು ಹೋಗುತ್ತಾಳೆ. ಒಮ್ಮೆ ಕಟ್ಟಿದ ದಾರವನ್ನು ದಾರದಕ್ಕ ಬಿಚ್ಚಿದ್ದನ್ನು ಯಾರೂ ಕಂಡಿಲ್ಲ. ಅವಳ ಗಂಟಿಗೂ ಅವಳ ಹಟಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಅಂಗಡಿಯ ಹಿಂದೆಯೇ ಮನೆ. ಅಂಗಡಿಗೂ ಅಡುಗೆಮನೆಗೂ ನಡುವಿನ ಇಕ್ಕಟ್ಟಾದ ಹಾದಿಯಲ್ಲಿ ತಮ್ಮನ ಗೇರ್ ಸೈಕಲ್ಲು ನಿಂತಿತ್ತು. ದಪ್ಪ ಟೈರು, ಅಗಲ ಹ್ಯಾಂಡಲ್ಲು. ರಜೆ ಸಿಕ್ಕರೆ ಸಾಕು, ಅದನ್ನೇರಿ ಗುಡ್ಡ ಹತ್ತುತ್ತಿದ್ದ ಅವನಿಗೆ ಬೀದಿಯವರು ಗುಡ್ಡಪ್ಪ ಎಂದು ಹೆಸರಿಟ್ಟಿದ್ದರು. ಆಮೇಲೆ ಒಳಕಿವಿಗೆ ಏನೋ ಕಾಯಿಲೆ ಬಂತು. ತಲೆ ತಿರುಗಿಸಿದರೆ ಲೋಕವೇ ತಿರುಗುತ್ತಿತ್ತು. ಅವನು ಅದೇ ಬೀದಿಯ ತನ್ನ ಬಾಡಿಗೆ ಕೋಣೆ ಬಿಟ್ಟು ಅಕ್ಕನ ಮನೆಗೆ ಬಂದು, ಅಂಗಡಿಯಲ್ಲಿ ಕೂತು ಕಾಜಾ ಮಾಡುವುದು, ಗುಂಡಿ ಹಾಕುವುದು ಕಲಿತ. ಡಾಕ್ಟರು, "ನೆಲದ ಮೇಲೆ ನೇರ ಗೆರೆ ಎಳೆದು ದಿನಾ ಅದರ ಮೇಲೆ ನಡೀಲಿ. ಬ್ಯಾಲೆನ್ಸು ವಾಪಸ್ ಬರಬಹುದು, ಬರದೇನೂ ಇರಬಹುದು," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದರು. ಗೆರೆ ಎಳೆಯುವಷ್ಟು ಉದ್ದ ಇದ್ದದ್ದು ಆ ಹಾದಿಯೊಂದೇ, ಅಲ್ಲಿ ಸೈಕಲ್ಲಿತ್ತು. "ಜಾಗ ಎಲ್ಲಿದೆ? ನೋಡೋಣ ಬಿಡು, ಅವಸರ ಏನಿದೆ," ಎಂದಳು ಅಕ್ಕ. ಅವನೂ ಮತ್ತೆ ಕೇಳಲಿಲ್ಲ.

ನಿಜ ಹೇಳಬೇಕೆಂದರೆ, ತಮ್ಮ ಗುಡ್ಡ ಬಿಟ್ಟದ್ದು ಅವಳಿಗೆ ಒಳಗೊಳಗೇ ಸಮಾಧಾನ ತಂದಿತ್ತು. ಎಲ್ಲಿ ಬಿದ್ದನೋ ಎಂದು ಬಾಗಿಲು ನೋಡುತ್ತ ಕೂರುವುದು ತಪ್ಪಿತು, ಗುಂಡಿ ಹಾಕಲು ಜನ ಹುಡುಕುವುದೂ ತಪ್ಪಿತು. ತಮ್ಮನ ಕಾಯಿಲೆಯಿಂದ ತನಗೆ ಅನುಕೂಲವಾಯಿತೆಂಬ ಈ ಯೋಚನೆ ಅವಳಿಗೆ ಗಂಟಲ ಮುಳ್ಳಾಗಿತ್ತು. ಸೈಕಲ್ಲನ್ನು ಇಟ್ಟುಕೊಂಡರೆ ದಿನವೂ ಅವನ ಕಣ್ಣಿಗೆ ಬೀಳುವ ಸಂಕಟ. ಕೊಟ್ಟರೆ, ನೀನಿನ್ನು ಇದನ್ನು ಹತ್ತುವುದಿಲ್ಲ ಎಂದು ಅವಳೇ ತೀರ್ಪು ಕೊಟ್ಟಂತೆ. ಹಾಗಾಗಿ ಅದು ಅಲ್ಲೇ ನಿಂತಿತ್ತು, ಹೋಗಿ ಬರುವಾಗ ಅವಳ ಸೊಂಟಕ್ಕೆ ಗುದ್ದುತ್ತ.

ಒಂದು ಬೆಳಿಗ್ಗೆ ಹೋಟೆಲಿನ ಅಡುಗೆಯವನ ಬಿಳಿ ಕೋಟನ್ನು ಇಸ್ತ್ರಿ ಮಾಡಿ ತರುವಾಗ ಅದರ ಅಂಚು ಚೈನಿಗೆ ಸಿಕ್ಕಿತು. ಮೊಳದುದ್ದ ಕಪ್ಪು ಗ್ರೀಸು. ದಾರದಕ್ಕನ ಸಿಟ್ಟು ನೆತ್ತಿಗೇರಿತು. ಹಳದಿ ದಾರ ತುಂಡರಿಸಿ ಹ್ಯಾಂಡಲ್ಲಿಗೆ ಬಿಗಿದು, "ಹಾಳಾಗಿ ಹೋಗು!" ಎಂದು ಸೈಕಲ್ಲಿಗೇ ಬೈದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಕಲೆ ತೆಗೆಯುವ ಗಡಿಬಿಡಿಯಲ್ಲಿ ದಾರದ ವಿಷಯವೇ ಮರೆತುಹೋಯಿತು.

ಮಧ್ಯಾಹ್ನ ನೆನಪಾಗಿ ಕತ್ತರಿ ಹಿಡಿದು ಓಡಿದರೆ, ಸೈಕಲ್ಲು ಫಳಫಳ ಹೊಳೆಯುತ್ತಿತ್ತು. ತಮ್ಮ ಗೋಡೆಗೆ ಒರಗಿ ಕೂತು ಚೈನಿಗೆ ಎಣ್ಣೆ ಬಿಡುತ್ತಿದ್ದ. ಟೈರಿಗೆ ಗಾಳಿಯೂ ತುಂಬಿಯಾಗಿತ್ತು. ಹಳದಿ ದಾರ ಮಾತ್ರ ಕಟ್ಟಿದಲ್ಲೇ ಇತ್ತು.

"ಏನೋ ಇದು?"

"ಕೊಡೋದಾದ್ರೆ ಓಡೋ ಹಾಗಿರೋದನ್ನ ಕೊಡ್ಬೇಕಲ್ವಾ, ಅಕ್ಕ."

"ಸಿಟ್ಟಲ್ಲಿ ಕಟ್ಟಿದ್ದು ಕಣೋ. ನಿನ್ನ ಕೇಳ್ದೆ ಕೊಡ್ತೀನಾ ನಾನು?"

"ವರ್ಷ ಆಯ್ತಲ್ಲ, ಯಾರೂ ಕೇಳ್ಕೊಂಡು ಬರ್ಲಿಲ್ಲ." ಅವನು ನಕ್ಕ. "ನಿಯಮ ಅಂದ್ಮೇಲೆ ಎಲ್ರಿಗೂ ಒಂದೇ. ಮುಂದಿನ ವರ್ಷ ನನ್ನ ಅಂಗಿ ಗುಂಡಿಗೂ ಒಂದು ದಾರ ಕಟ್ಬಿಡು."

ತಮಾಷೆಗೆಂದೇ ಹೇಳಿದ. ಅವಳಿಗೆ ಅದು ತಮಾಷೆ ಅನ್ನಿಸಲಿಲ್ಲ. ಏನಾದರೂ ಹೇಳುವಷ್ಟರಲ್ಲಿ ಹೊರಗೆ ವ್ಯಾನಿನ ಹಾರನ್ನು ಕೇಳಿಸಿತು.

ವ್ಯಾನಿನವಳು ಒಳಗೆ ಬಂದು ಬಟ್ಟೆಗಳನ್ನು ಎತ್ತಿಕೊಂಡಳು. ಸೈಕಲ್ಲನ್ನು ಕಂಡು ಹುಬ್ಬೇರಿಸಿದಳು. "ಇದೂ ಕೊಡ್ತಿದೀರಾ?"

"ಅದು..." ಎಂದಳು ದಾರದಕ್ಕ.

"ನಮ್ಮಕ್ಕ ಕಟ್ಟಿದ ದಾರ ಬಿಚ್ಚಲ್ಲ," ಎಂದು ತಮ್ಮ ತಾನೇ ಎದ್ದು ಸೈಕಲ್ಲನ್ನು ತಳ್ಳಿಕೊಂಡು ಹೊರಟ. ಹಿಡಿಯಲು ಹ್ಯಾಂಡಲ್ಲು ಇದ್ದುದರಿಂದ ಅವನ ಹೆಜ್ಜೆ ವಾಲಲಿಲ್ಲ. ವಾಪಸು ಬರುವಾಗ ಗೋಡೆ ಹಿಡಿದುಕೊಂಡು ಬಂದ. ಕತ್ತರಿ ಇನ್ನೂ ಅವಳ ಕೈಯಲ್ಲೇ ಇತ್ತು. ಒಮ್ಮೆ ಕಚಕ್ ಎನ್ನಿಸಿದ್ದರೆ ಸಾಕಿತ್ತು, ಅದೂ ಅವಳಿಂದ ಆಗಲಿಲ್ಲ.

ಹಾದಿ ಬರಿದಾಗಿತ್ತು. ನೆಲದ ಮೇಲೆ ಟೈರಿನ ಗುರುತು ಮಾತ್ರ ಉಳಿದಿತ್ತು. ಅವಳು ಬಟ್ಟೆಗೆ ಗುರುತು ಹಾಕುವ ಚಾಕ್ ತಂದು, ಮೊಣಕಾಲೂರಿ, ಅಂಗಡಿಯ ಬಾಗಿಲಿಂದ ಅಡುಗೆಮನೆಯ ಹೊಸ್ತಿಲವರೆಗೆ ಗೆರೆ ಎಳೆದಳು.

"ನಡಿ," ಎಂದಳು. "ಡಾಕ್ಟರು ಹೇಳಿದ್ರಲ್ಲ."

"ಈಗ್ಯಾಕಕ್ಕ? ಸೈಕಲ್ಲೇ ಹೋಯ್ತು."

"ಆವತ್ತೇ ಎಳೀಬೇಕಿತ್ತು ಕಣೋ. ಜಾಗ ಇಲ್ಲ ಅಂದಿದ್ದು ಸುಳ್ಳು. ಸೈಕಲ್ಲನ್ನ ದಿನಾ ಸ್ವಲ್ಪ ಹೊತ್ತು ಹೊರಗೆ ನಿಲ್ಲಿಸಿದ್ರೆ ಆಗ್ತಿತ್ತು. ನೀನು ವಾಸಿಯಾದ್ರೆ ಹೊರಟುಹೋಗ್ತೀಯ ಅಂತ ಸುಮ್ಮನಿದ್ದೆ."

ತಮ್ಮ ಗೆರೆಯತ್ತ ನೋಡಿದ. "ಅಕ್ಕ, ನೀನು ಸೊಟ್ಟ ಗೆರೆ ಎಳೆದಿದ್ದು ಇದೇ ಮೊದಲು," ಎಂದ.

ನಿಜವೇ. ಮಧ್ಯದಲ್ಲಿ ಗೆರೆ ಒಂದು ಕಡೆಗೆ ವಾಲಿತ್ತು. ಒರೆಸಲು ಅವಳು ಒದ್ದೆ ಬಟ್ಟೆ ಹುಡುಕುತ್ತಿರುವಾಗಲೇ, "ಇರ್ಲಿ ಬಿಡು," ಎಂದು ಅವನು ಚಪ್ಪಲಿ ಕಳಚಿ, ಗೋಡೆಯಿಂದ ಕೈ ತೆಗೆದು, ಆ ಸೊಟ್ಟ ಗೆರೆಯ ಮೇಲೆಯೇ ಕಾಲಿಟ್ಟ.