ಕೇಬಲ್ ಕಿತ್ತ ಮೇಲೂ...

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನಂತೂ ಕಣ್ಣಾರೆ ಕಂಡವಳು. ಸುಳ್ಳು ಹೇಳಿ ನನಗೇನೂ ಆಗಬೇಕಿಲ್ಲ.

ಹೊಳೆನರಸೀಪುರದಲ್ಲಿ ನಂದೊಂದು ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ. ಕಂಪ್ಯೂಟರಿನಲ್ಲಿ ಡಿಸೈನ್ ಕೂರಿಸಿಕೊಟ್ಟರೆ ಪಕ್ಕದ ಮಿಷನ್ನು ತಾನೇ ಹೊಲಿಯುತ್ತೆ. ಆ ರಾತ್ರಿ ಅರಕಲಗೂಡಿನ ಮದುವೆ ಹೆಣ್ಣೊಬ್ಬಳ ಬ್ಲೌಸು. ಬೆಳಿಗ್ಗೆಯೇ ಮುಹೂರ್ತ. ಬಲತೋಳಿನ ನವಿಲು ಮುಗಿಸಿ ಎಡತೋಳು ಶುರು ಮಾಡಿದೆ ಅಷ್ಟೇ...

ಮಿಷನ್ ನಿಂತಿತು.

ನೋಡಿದರೆ, ಮೌಸ್ ಮುಟ್ಟದೆಯೇ ಪರದೆ ಮೇಲಿನ ಬಾಣ ಓಡಾಡುತ್ತಿದೆ! ನಾನು ಶುರು ಮಾಡ್ತೀನಿ, ಅದು ಹೋಗಿ ನಿಲ್ಲಿಸುತ್ತೆ. ಮತ್ತೆ ಶುರು... ಮತ್ತೆ ನಿಲ್ಲಿಸುತ್ತೆ. ಅಳು ಬರೋ ಹಾಗಾಯ್ತು. ಪಕ್ಕದ ಬೀದಿಯ ಮಂಜುಗೆ ಫೋನ್ ಮಾಡಿದೆ. ಕಂಪ್ಯೂಟರ್ ರಿಪೇರಿ ಹುಡುಗ.

"ಮೊದ್ಲು ನೆಟ್ ಕೇಬಲ್ ಕಿತ್ತಾಕಕ್ಕಾ. ಬಂದೆ."

ಬಂದವನೇ ಕೇಳಿದ, "ಈ ಡಿಸೈನ್ ಸಾಫ್ಟ್‌ವೇರ್ ಎಲ್ಲಿಂದ ಇಳುಸ್ಕಂಡೆ?"

"ಫ್ರೀಯಾಗಿ ಸಿಕ್ತು ಕಣೋ..."

"ಅದ್ರೊಳ್ಗೇ ಟ್ರೋಜನ್ ಕುಂತೈತೆ. ನೋಡಾಕೆ ಒಳ್ಳೇದು, ಒಳಗ್ ಬಂದು ಕಳ್ಳಂಗೆ ಹಿತ್ತಲಬಾಗ್ಲು ತೆಕ್ಕೊಟ್ಟೈತೆ. ಎಲ್ಲೋ ಕುಂತೋನು ನಿನ್ ಪರದೆ ನೋಡ್ತಾವ್ನೆ, ಮೌಸೂ ಆಡಿಸ್ತಾವ್ನೆ."

ಸ್ಕ್ಯಾನ್ ಮಾಡಿ ಅಳಿಸಿದ. ಆಫ್ ಮಾಡಿ ಆನ್ ಮಾಡಿದರೆ ಅದು ಅಲ್ಲೇ ಇದೆ! ಮತ್ತೆ ಅಳಿಸಿದ. ಮತ್ತೆ ಬಂತು. ಕೋಣೆ ತುಂಬ ಕಾದ ಕಂಪ್ಯೂಟರ್ ಡಬ್ಬದ ವಾಸನೆ, ಮಿಷನ್ ಎಣ್ಣೆಯ ವಾಸನೆ. ತಲೆ ಸಿಡೀತಿತ್ತು.

"ಇಂಗಾಗಾಕಿಲ್ಲ. ಡಿಸ್ಕ್ ಪೂರ್ತಿ ಒರ್ಸಿ ಎಲ್ಲಾ ಒಸದಾಗಿ ಹಾಕ್ಬೇಕು. ನೀನು ಫೋನಲ್ಲಿ ಪಾಸ್‌ವರ್ಡ್‌ಗಳ್ನೆಲ್ಲ ಬದ್ಲಾಯಿಸ್ಕೋ."

ಹಾಗೇ ಮಾಡಿದ್ವಿ. ಮಿಷನ್ ಜೊತೆ ಕೊಟ್ಟಿದ್ದ ಅಸಲಿ ಸಾಫ್ಟ್‌ವೇರನ್ನೇ ಹಾಕಿದ. ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಬಾಣ ಕದಲಲಿಲ್ಲ. ಮಂಜು ಮುಖ ತೊಳೆಯಲು ಹಿತ್ತಲಿಗೆ ಹೋದ. ಕಿತ್ತ ಕೇಬಲ್ ನನ್ನ ಮಡಿಲಲ್ಲೇ ಇತ್ತು.

ಆಗ ಪರದೆ ಮೇಲೆ ಬಿಳೀ ಹಾಳೆಯೊಂದು ತೆರೆದುಕೊಂಡಿತು. ಒಂದೊಂದೇ ಅಕ್ಷರ... ಇಂಗ್ಲಿಷ್ ಲಿಪಿ, ಕನ್ನಡ ಮಾತು.

'ಎಡತೋಳು ಬಾಕಿ.'

ಆ ಕಂಪ್ಯೂಟರಿಗೆ ಕ್ಯಾಮೆರಾನೂ ಇಲ್ಲ, ವೈಫೈನೂ ಇಲ್ಲ. ಯಾವ ತೋಳು ಉಳಿದಿದೆ ಅಂತ ನಾನು ಮಂಜುಗೂ ಹೇಳಿರಲಿಲ್ಲ.

"ಲೇ ಮಂಜೂ..." ಅಂತ ಹಿತ್ತಲಿನ ಕಡೆ ಕೂಗಿದೆ.

ಬಂದು ಓದಿದ. "ಯಾಕಕ್ಕಾ ಇಂಗ್ ಬರ್ದಿದ್ದೀ?"

"ನಾನ್ ಬರೀಲಿಲ್ವೋ!"

ಕೇಬಲ್ ನೋಡಿದ, ಹಿಂದೆ ಮುಂದೆ ತಡಕಿದ. ಒದ್ದೆ ಮುಖ ಒರೆಸಿಕೊಳ್ಳೋದನ್ನೂ ಮರೆತಿದ್ದ. "ನಂಗೂ ತಿಳೀದು ಕಣಕ್ಕಾ..." ಅಂದ, ಪಿಸುದನಿಯಲ್ಲಿ.

ಹೆದರಿಕೆಗಿಂತ ಸಿಟ್ಟೇ ಉಕ್ಕಿಬಂತು. "ಬಾಕಿ ಅಂತ ನಂಗೊತ್ತಿಲ್ವಾ!" ಅಂತ ಪರದೆಗೇ ಕಿರುಚಿ, ಪೆನ್‌ಡ್ರೈವಲ್ಲಿದ್ದ ನವಿಲನ್ನು ಮಂಜುವಿನಿಂದ ಸ್ಕ್ಯಾನ್ ಮಾಡಿಸಿ ಹೊಲಿಗೆ ಶುರು ಮಾಡಿದೆ. ಈ ಸಲ ಯಾರೂ ನಿಲ್ಲಿಸಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಬ್ಲೌಸು ಹೋಯ್ತು.

ಮಂಜು ಆಮೇಲೆ ಡಿಸ್ಕನ್ನೇ ಬದಲಾಯಿಸಿಕೊಟ್ಟ. ಹಳೇದರಲ್ಲಿ ಎಷ್ಟು ಹುಡುಕಿದರೂ ಅವನಿಗೇನೂ ಸಿಗಲಿಲ್ಲ.

ದಿನಾ ರಾತ್ರಿ ಕೀಬೋರ್ಡ್ ಬಿಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕ್ತೀನಿ. ನಮ್ಮ ಯಜಮಾನರು ನಗ್ತಾರೆ. ನಗಲಿ. ಆ ರಾತ್ರಿ ಅವರು ಅಲ್ಲಿರಲಿಲ್ಲ...